ಪೋಸ್ಟರಿನ ಕೊನೆಯ ಮೂಲೆ

ವಾಣಿಜ್ಯ ಓದುವ ಹುಡುಗನಿಗೆ ಕೃಷಿ ವಿಜ್ಞಾನ ಸಮ್ಮೇಳನದ ಉಸಾಬರಿ ಯಾಕೆ ಎಂದು ಬಳಗದ ಮಿತ್ರರು ಕೇಳಬಹುದು. ಕೇಳಲಿ. ಕೃಷಿ ವಿದ್ಯಾರ್ಥಿಗಳು ಸಮ್ಮೇಳನಕ್ಕೆ ಒಯ್ಯುವ ಪೋಸ್ಟರಿನ ಕೊನೆಯ ಮೂಲೆಯಲ್ಲಿ ಒಂದು ಸಣ್ಣ ಕೋಷ್ಟಕ ಇರುತ್ತದೆ. ಹೆಕ್ಟೇರಿಗೆ ಖರ್ಚು ಎಷ್ಟು, ಒಟ್ಟು ಆದಾಯ ಎಷ್ಟು, ಹಾಕಿದ ಒಂದು ರೂಪಾಯಿಗೆ ಬಂದದ್ದು ಎಷ್ಟು. ಈ ಕಡೆಯ ಅಂಕಿಗೆ ಅವರು ಬಿ.ಸಿ. ರೇಶಿಯೋ ಅಂತಾರೆ. ಮಣ್ಣು, ಬೀಜ, ಬೇರು ಅವರದಿರಲಿ. ಈ ಮೂಲೆ ನಮ್ಮದು. ನಾನು ಮಾತಾಡಬೇಕೆಂದಿರುವುದು ಈ ಮೂಲೆಯ ಬಗ್ಗೆ, ಮತ್ತು ಪೋಸ್ಟರು ಯಾರಿಗಾಗಿ ತಯಾರಾಗುತ್ತದೆ ಎಂಬುದರ ಬಗ್ಗೆ.

ನಮ್ಮ ಸೋದರಮಾವನ ಮಗಳು ಎಂ.ಎಸ್ಸಿ. ಕೃಷಿ ಓದುತ್ತಾಳೆ. ಪುಣೆಯ ಸಮ್ಮೇಳನವೊಂದಕ್ಕೆ ಬಂದವಳು ನಾಲ್ಕು ದಿನ ಪಿಂಪ್ರಿಯ ನಮ್ಮ ಮನೆಯಲ್ಲೇ ಇದ್ದಳು. ಅವಳ ವಿಷಯ ಚೌಕು ಮಡಿ. ವಿಜಯಪುರ, ಸೊಲ್ಲಾಪುರ ಕಡೆಯವರಿಗೆ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. ಎರಿ ಹೊಲದಲ್ಲಿ ಮಳೆಗಾಲದ ಆರಂಭಕ್ಕೇ ಸಣ್ಣ ಬದುಗಳನ್ನು ಎಳೆದು ಚೌಕು ಚೌಕು ಮಾಡಿ ಬಿಡುತ್ತಾರೆ. ಬಿದ್ದ ಮಳೆ ಹರಿದು ಹೋಗದೆ ಅಲ್ಲಲ್ಲೇ ಇಂಗುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹಿಂಗಾರಿ ಜೋಳ ಬಿತ್ತಿದರೆ ಆ ಹಸಿಯ ಮೇಲೆಯೇ ಬೆಳೆ ಬರಬೇಕು. ಜೋಳ ಅಂದರೆ ಮಾಲದಂಡಿ, ಎಂ 35-1. 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆರಿಸಿ ತೆಗೆದ ತಳಿ. ಇವತ್ತಿಗೂ ನಮ್ಮವರಿಗೆ ರೊಟ್ಟಿ ಅಂದರೆ ಅದೇ.

ಅಕ್ಕನ ಪೋಸ್ಟರು ನಾಲ್ಕು ಅಡಿ ಎತ್ತರ, ಮೂರು ಅಡಿ ಅಗಲ. ಶೀರ್ಷಿಕೆಯೇ ಮೂರು ಸಾಲು, ಇಂಗ್ಲಿಷಿನಲ್ಲಿ. ಕೆಳಗೆ ಪೀಠಿಕೆ, ಪದ್ಧತಿ, ಫಲಿತಾಂಶ, ಉಪಸಂಹಾರ, ಆರು ಕೋಷ್ಟಕ. ಅಕ್ಷರ ಎಷ್ಟು ಸಣ್ಣದೆಂದರೆ ಪಿಂಪ್ರಿಯ ಫ್ಲೆಕ್ಸ್ ಅಂಗಡಿಯವನೇ, ಬೆಳಗಿನಿಂದ ಸಂಜೆಯವರೆಗೆ ಹುಟ್ಟುಹಬ್ಬದ ಬ್ಯಾನರ್ ತೆಗೆಯುವವನು, "ಇದನ್ನ ಯಾರು ಓದ್ತಾರೆ?" ಎಂದು ಮರಾಠಿಯಲ್ಲಿ ಕೇಳಿದ. ಆ ಪ್ರಶ್ನೆಗೆ ನಮ್ಮಿಬ್ಬರಲ್ಲೂ ಉತ್ತರ ಇರಲಿಲ್ಲ. ಇದು ಅಕ್ಕನೊಬ್ಬಳ ದೋಷ ಅಲ್ಲ. ಪ್ರಬಂಧವನ್ನು ಕತ್ತರಿಸಿ ಗೋಡೆಗೆ ಅಂಟಿಸುವುದೇ ಪೋಸ್ಟರು ಎಂಬ ನಂಬಿಕೆ ಎಲ್ಲ ಕಡೆ ಇದೆ. 2019ರಲ್ಲಿ ಅಮೆರಿಕೆಯ ಮನೋವಿಜ್ಞಾನದ ಸಂಶೋಧನಾ ವಿದ್ಯಾರ್ಥಿ ಮೈಕ್ ಮಾರಿಸನ್ ಇದರ ವಿರುದ್ಧವೇ ಎದ್ದು ನಿಂತ. ನಡುವೆ ದೊಡ್ಡ ಅಕ್ಷರದಲ್ಲಿ, ಸಾದಾ ಮಾತಿನಲ್ಲಿ, ಕಂಡುಕೊಂಡದ್ದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ, ಉಳಿದದ್ದೆಲ್ಲ ಪಕ್ಕಕ್ಕೆ ಅಂದ. ಇಂಗ್ಲಿಷ್ ಹುಟ್ಟುಭಾಷೆಯಾದವರಿಗೇ ಸಾದಾ ಮಾತು ಬೇಕಾದರೆ, ಏಳನೇ ಇಯತ್ತೆಯವರೆಗೆ "ದ್ಯುತಿಸಂಶ್ಲೇಷಣೆ" ಎಂದು ಬಾಯಿಪಾಠ ಮಾಡಿದ ನಮ್ಮಂಥವರ ಗತಿ ಏನು?

ಇನ್ನು ಆ ಕೊನೆಯ ಮೂಲೆ. ಅಕ್ಕನೇ ಕೇಳಿದಳು: "ಏ ತಮ್ಮಾ, ನೀ ಕಾಮರ್ಸಿನಾಂವ, ಇದರಾಗ ಏನರ ತಪ್ಪ ಅದನೇನ ನೋಡು." ಗುಣಾಕಾರ, ಭಾಗಾಕಾರ ಎಲ್ಲ ಸರಿ ಇತ್ತು. ಆದರೆ ಖರ್ಚು ಎಂಬ ಒಂದು ಶಬ್ದದ ಒಳಗೆ ಏನೇನು ಸೇರಿದೆ ಎಂದು ಎಲ್ಲೂ ಬರೆದಿರಲಿಲ್ಲ. ಆ ಸಮ್ಮೇಳನದಲ್ಲಿ ನಾನು ನೋಡಿದ ಬೇರೆ ಪೋಸ್ಟರುಗಳಲ್ಲಿಯೂ ಹೆಚ್ಚುಕಡಿಮೆ ಇದೇ ಕಥೆ.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಬೀಜ, ಗೊಬ್ಬರ, ಬಾಡಿಗೆ ಟ್ರ್ಯಾಕ್ಟರು, ಕೂಲಿ ಆಳು ಸೇರಿ ಕೈಯಿಂದ ಹೋದ ಹಣ 20,000 ರೂಪಾಯಿ. ಕಾಳು, ಕಣಿಕೆ ಮಾರಿ ಬಂದದ್ದು 50,000. ಬಿ.ಸಿ. ರೇಶಿಯೋ 2.5. ಭಲೆ! ಈಗ ಮನೆಯ ಅವ್ವ ಮೂವತ್ತು ದಿನ ಕಳೆ ತೆಗೆದಿದ್ದಾಳೆ, ತೆನೆ ಮುರಿದಿದ್ದಾಳೆ ಅನ್ನಿ. ದಿನಕ್ಕೆ 300ರಂತೆ 9,000. ಖರ್ಚು 29,000 ಆಯಿತು, ರೇಶಿಯೋ 1.72. ಸ್ವಂತ ಹೊಲಕ್ಕೆ ಲಾವಣಿ ಬೆಲೆ 8,000 ಹಿಡಿದರೆ ಖರ್ಚು 37,000, ರೇಶಿಯೋ 1.35. ಹೊಲ ಅದೇ, ಬೆಳೆ ಅದೇ, ಬಂದ ದುಡ್ಡೂ ಅದೇ. 2.5 ಎಂದು ಬರೆದವನೂ ಸುಳ್ಳು ಹೇಳಿಲ್ಲ, 1.35 ಎಂದು ಬರೆದವನೂ ಹೇಳಿಲ್ಲ. ಆದರೆ ಯಾವುದನ್ನು ಎಣಿಸಿದೆ, ಯಾವುದನ್ನು ಬಿಟ್ಟೆ ಎಂದು ಹೇಳದಿದ್ದವನು ಅವ್ವನ ಮೂವತ್ತು ದಿನವನ್ನು ನುಂಗಿದ ಹಾಗೆಯೇ.

ಇದು ನಾನು ಹುಟ್ಟಿಸಿದ ತಕರಾರಲ್ಲ. ಕೇಂದ್ರದ ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಈ ಮೂರು ಲೆಕ್ಕಗಳಿಗೂ ಹೆಸರಿಟ್ಟಿದೆ. ಕೈಯಿಂದ ಹೋದದ್ದು ಎ2. ಮನೆಯವರ ದುಡಿಮೆ ಸೇರಿದರೆ ಎ2 ಕೂಡಿಸು ಎಫ್‌ಎಲ್. ಸ್ವಂತ ಭೂಮಿಯ ಬಾಡಿಗೆ, ಸ್ವಂತ ಬಂಡವಾಳದ ಬಡ್ಡಿಯೂ ಸೇರಿದರೆ ಸಿ2. ಸರಕಾರ 2018ರಲ್ಲಿ ಬೆಂಬಲ ಬೆಲೆಯನ್ನು ಖರ್ಚಿನ ಒಂದೂವರೆ ಪಟ್ಟು ಕೊಡುತ್ತೇವೆ ಅಂದದ್ದು ಎರಡನೆಯ ಲೆಕ್ಕದ ಮೇಲೆ. ರೈತ ಸಂಘಟನೆಗಳು ಸ್ವಾಮಿನಾಥನ್ ಆಯೋಗದ ಹೆಸರು ಹೇಳಿ ಕೇಳುತ್ತಿರುವುದು ಮೂರನೆಯದರ ಮೇಲೆ. ದಿಲ್ಲಿಯ ಗಡಿಯಲ್ಲಿ ರೈತರು ಕೂತು ಜಗಳಾಡಿದ ವಿಷಯಗಳಲ್ಲಿ ಇದೂ ಒಂದು. ಅಂಥದ್ದನ್ನು ವಿದ್ಯಾರ್ಥಿಯ ಪೋಸ್ಟರಿನಲ್ಲಿ ಅಡಿಟಿಪ್ಪಣಿಯಾಗಿಯೂ ಬರೆಯುವುದಿಲ್ಲ ಅಂದರೆ ಹೇಗೆ? ಇಳುವರಿಯ ಅಂಕಿಗೆ ಮೂರು ಸಲ ಪುನರಾವರ್ತನೆ, ಶೇಕಡಾ 5ರ ಮಟ್ಟದ ಪರೀಕ್ಷೆ, ಫಿಷರ್ ಸಾಹೇಬರ ಶಾಸ್ತ್ರವೆಲ್ಲ ಬೇಕು. ದುಡ್ಡಿನ ಅಂಕಿ ಬಂದಾಗ ಮಾತ್ರ ಯಾರೂ ಏನೂ ಕೇಳುವುದಿಲ್ಲ.

ಭಾಷಣದ ತಯಾರಿಯಲ್ಲೂ ಇದೇ. ಎಂಟು ಹತ್ತು ನಿಮಿಷದ ಭಾಷಣ, ಎರಡು ನಿಮಿಷ ಪ್ರಶ್ನೆ. ಅಕ್ಕ ಇಂಗ್ಲಿಷಿನಲ್ಲಿ ಬರೆದುಕೊಂಡು ಕನ್ನಡಿಯ ಮುಂದೆ ಉರು ಹೊಡೆಯುತ್ತಿದ್ದಳು. ಅಡಿಗೆ ಮನೆಯಿಂದ ನಮ್ಮ ಅವ್ವ, "ಏನ ಹೇಳಾಕತ್ತಿ, ನಮಗೂ ತಿಳಿಯೂ ಹಂಗ ಹೇಳವಾ" ಅಂದಳು. ಅಕ್ಕ ಕನ್ನಡದಲ್ಲಿ ಹೇಳತೊಡಗಿದಾಗ ಹನ್ನೆರಡು ಸ್ಲೈಡಿನ ವಿಷಯ ಐದಕ್ಕೆ ಇಳಿಯಿತು. ಅವ್ವ ಎರಡೇ ಪ್ರಶ್ನೆ ಕೇಳಿದಳು. ಮಡಿ ಕಟ್ಟಲಿಕ್ಕೆ ಎಷ್ಟು ಆಳು ಹೆಚ್ಚು ಬೇಕು? ದೊಡ್ಡ ಮಳೆ ಬಂದು ಬದು ಒಡೆದರೆ ಮತ್ತೆ ಕಟ್ಟುವವರು ಯಾರು? ಸಮ್ಮೇಳನದಲ್ಲಿ ತೀರ್ಪುಗಾರರು ಈ ಎರಡನ್ನೂ ಕೇಳಲಿಲ್ಲ. ಕೋಷ್ಟಕ ಮೂರರ ದಶಾಂಶ ಬಿಂದು ಕೇಳಿದರು. ಅಕ್ಕ ಮಾತ್ರ ಊರಿಗೆ ಹೋಗಿ ಪ್ರಬಂಧದಲ್ಲಿ ಮಡಿ ಕಟ್ಟುವ ಆಳಿನ ಲೆಕ್ಕ ಬೇರೆಯಾಗಿ ಸೇರಿಸಿದ್ದೇನೆಂದು ಫೋನಿನಲ್ಲಿ ಹೇಳಿದ್ದಾಳೆ.

ಹಾಗಂತ ಸಮ್ಮೇಳನಗಳೇ ಬೇಡ ಅನ್ನುವವರ ಪಕ್ಷ ನನ್ನದಲ್ಲ. ಪಿಂಪ್ರಿಯಲ್ಲಿ ಇರುವವರು ಹಾಗೆ ಅನ್ನಲೂಬಾರದು. ನಾವು ದಿನಾ ದಾಟಿ ಹೋಗುವ ಹಿಂದುಸ್ತಾನ್ ಆಂಟಿಬಯಾಟಿಕ್ಸ್ ಕಾರ್ಖಾನೆಯ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದವರು ಮೈಸೂರು ಸೀಮೆಯ ಎಂ. ಜೆ. ತಿರುಮಲಾಚಾರ್. ಹ್ಯಾಮೈಸಿನ್ ಅವರ ತಂಡದ್ದು. ಅದನ್ನು ಕೊಟ್ಟ ಸೂಕ್ಷ್ಮಜೀವಿಗೆ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂದು ನಮ್ಮ ಊರಿನ ಹೆಸರನ್ನೇ ಇಟ್ಟರು. ಬೆಳೆಗಳ ಬೂಸುರೋಗಕ್ಕೆ ಹೊಡೆಯುವ ಆರಿಯೋಫಂಜಿನ್ ಕೂಡ ಅಲ್ಲಿಂದಲೇ ಬಂತು. ಭಾರತೀಯ ಸಸ್ಯರೋಗಶಾಸ್ತ್ರ ಸಂಘ 1947ರಲ್ಲಿ ಹುಟ್ಟಿದ್ದು. ಅದರಲ್ಲಿ ಎಳೆಯ ಸಂಶೋಧಕರು ವಲಯ ಮಟ್ಟದಲ್ಲಿ ಭಾಷಣ ಮಾಡಿ ಗೆದ್ದು ಮುಂದೆ ಹೋಗುವ ಒಂದು ಸ್ಪರ್ಧೆ ಇದೆ. ಅದು ಮೈಸೂರು ಸಂಸ್ಥಾನದ ಶಿಲೀಂಧ್ರತಜ್ಞ ಎಂ. ಜೆ. ನರಸಿಂಹನ್ ಅವರ ಹೆಸರಿನಲ್ಲಿ ನಡೆಯುತ್ತದೆ. ಕನ್ನಡದವರ ಹೆಸರು ಪದಕದ ಮೇಲೆ ಇದೆ, ಕನ್ನಡ ವೇದಿಕೆಯ ಮೇಲೆ ಇಲ್ಲ.

ಸಮ್ಮೇಳನ ಮುಗಿದ ಮೇಲೆ ಆ ಫ್ಲೆಕ್ಸುಗಳಿಗೆ ಏನಾಗುತ್ತದೆ ಗೊತ್ತೆ? ಅಕ್ಕನದು ಇಂಡಿ ತಾಲ್ಲೂಕಿನ ಮಾವನ ಹೊಲದಲ್ಲಿ ಕಣಿಕೆ ಬಣವೆಯ ಮೇಲೆ ಮಳೆ ತಡೆಯುತ್ತಿದೆ. ರೈತನಿಗೆ ಉಪಯೋಗವಾಯಿತಲ್ಲ ಎಂದು ಮಾವ ನಗುತ್ತಾರೆ. ಅದೇ ಪೋಸ್ಟರು ಕನ್ನಡದಲ್ಲಿದ್ದರೆ ಸೆಪ್ಟೆಂಬರಿನ ಧಾರವಾಡ ಕೃಷಿ ಮೇಳದಲ್ಲಿ ಗೋಡೆಗೆ ತೂಗಬಹುದಿತ್ತು.

ಆದ್ದರಿಂದ ನಮ್ಮ ಬಳಗಕ್ಕೆ ಒಂದು ಸೂಚನೆ. ಶಿವಾಜಿನಗರದ ಕೃಷಿ ಕಾಲೇಜಿನಲ್ಲಿ ಓದುವ ಕನ್ನಡದ ಹುಡುಗ ಹುಡುಗಿಯರು ಇದ್ದರೆ, ಊರ ಕಡೆಯಿಂದ ಸಮ್ಮೇಳನಕ್ಕೆ ಬರುವವರಿದ್ದರೆ, ಹಿಂದಿನ ದಿನ ಸಂಜೆ ನಮ್ಮಲ್ಲಿಗೆ ಕರೆಯೋಣ. ಮೆಟ್ರೋದಲ್ಲಿ ಶಿವಾಜಿನಗರದಿಂದ ಪಿಂಪ್ರಿ ದೂರವೇನಲ್ಲ. ಹತ್ತು ನಿಮಿಷ ಕನ್ನಡದಲ್ಲಿ ಹೇಳಲಿ. ಕೇಳಲಿಕ್ಕೆ ನಾವಷ್ಟೇ ಅಲ್ಲ, ಮನೆಯ ಹಿರಿಯರೂ ಬರಲಿ; ಈ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಅಪ್ಪ, ಕಾಕಾಗಳಲ್ಲಿ ಬಹಳ ಮಂದಿಗೆ ಊರಲ್ಲಿ ಇನ್ನೂ ಹೊಲ ಇದೆ. ಖರ್ಚಿನ ಕೋಷ್ಟಕವನ್ನು ಎ2, ಎಫ್‌ಎಲ್, ಸಿ2 ಎಂದು ಬಿಡಿಸಿ ಬರೆದುಕೊಡಲು ಬಿ.ಕಾಂ. ಎರಡನೆಯ ವರ್ಷದ ನಾವು ನಾಲ್ಕು ಜನ ಸಿದ್ಧರಿದ್ದೇವೆ. ಚಹಾದ ಖರ್ಚು ವಂತಿಗೆಯಿಂದ ಹೊರಡಬೇಕು. ಕಾರ್ಯದರ್ಶಿಗಳು ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿಕೊಳ್ಳಬೇಕಾಗಿ ವಿನಂತಿ.