ವರ್ತಮಾನದಲ್ಲಿ ಕ್ರಾಮ್‌ವೆಲ್
2010ರಲ್ಲಿ ಬ್ರಿಟನ್ನಿನ ಸಾಹಿತ್ಯವಲಯ ಜಗಳಕ್ಕೆ ಬಿದ್ದದ್ದು ಕ್ರಿಯಾಪದದ ವಿಷಯಕ್ಕೆ. ಬೂಕರ್‌ನ ಅಂತಿಮ ಪಟ್ಟಿಯ ಆರು ಕಾದಂಬರಿಗಳಲ್ಲಿ ಮೂರು ವರ್ತಮಾನಕಾಲದಲ್ಲಿದ್ದವು. ಕಾದಂಬರಿಕಾರ ಫಿಲಿಪ್ ಪುಲ್ಮನ್‌ಗೆ ಅದು ಸರಿಬರಲಿಲ್ಲ. ಕೈಯಲ್ಲಿ ಹಿಡಿದ ಕ್ಯಾಮೆರಾದಿಂದ ತೆಗೆದ ಸಿನಿಮಾಕ್ಕೆ ಹೋಲಿಸಿ ಗೊಣಗಿದರು. ಗೊಣಗಾಟದಲ್ಲಿ ಹುರುಳಿಲ್ಲದಿಲ್ಲ: ಭೂತಕಾಲದ ನಿರೂಪಕ ಹತ್ತು ವರ್ಷವನ್ನು ಒಂದೇ ವಾಕ್ಯದಲ್ಲಿ ದಾಟಿಸಬಲ್ಲ, ಮುಂದಾಗುವುದರ ಸುಳಿವು ಮೊದಲೇ ಕೊಡಬಲ್ಲ; ವರ್ತಮಾನದವನಿಗೆ ಆ ಸಲುಗೆ ಕಡಿಮೆ. ಆದರೆ ಹಿಂದಿನ ವರ್ಷವಷ್ಟೇ ಬೂಕರ್ ಗೆದ್ದಿದ್ದ ಹಿಲರಿ ಮ್ಯಾಂಟೆಲ್ ಅವರ ‘ವುಲ್ಫ್ ಹಾಲ್’ ಈ ಕೊರತೆಯನ್ನೇ ಬಂಡವಾಳ ಮಾಡಿಕೊಂಡಿತ್ತು. ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ನ ತಲೆ 1540ರಲ್ಲಿ ಉರುಳಿತೆಂದು ಇತಿಹಾಸ ಓದಿದವರಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಪುಟದ ಮೇಲೆ ಅವನು ಇನ್ನೂ ಲೆಕ್ಕ ಹಾಕುತ್ತಿದ್ದಾನೆ, ಯಾರನ್ನು ನಂಬಲಿ ಎಂದು ತೂಗುತ್ತಿದ್ದಾನೆ. ಭೂತಕಾಲಕ್ಕೆ ಹೊರಳಿಸಿ ನೋಡಿ, ಅರ್ಧ ಕಾವು ಇಳಿದುಹೋಗುತ್ತದೆ. ಇನ್ನು, ಇದೆಲ್ಲ ಈಚಿನ ಶೋಕಿ ಎನ್ನುವವರು ಡಿಕನ್ಸ್‌ನನ್ನು ಮರೆತಿರುತ್ತಾರೆ: 1852–53ರಲ್ಲಿ ಕಂತುಗಳಾಗಿ ಬಂದ ‘ಬ್ಲೀಕ್ ಹೌಸ್’ನಲ್ಲಿ ನಿರೂಪಕಿ ಎಸ್ತರ್ ತನ್ನ ಕತೆಯನ್ನು ಭೂತಕಾಲದಲ್ಲಿ ಹೇಳಿಕೊಳ್ಳುತ್ತಾಳೆ, ಹೆಸರಿಲ್ಲದ ಇನ್ನೊಬ್ಬ ನಿರೂಪಕ ಲಂಡನ್ನಿನ ಮಂಜು, ಕೆಸರು, ಮುಗಿಯದ ಕೋರ್ಟು ವ್ಯಾಜ್ಯಗಳನ್ನು ವರ್ತಮಾನದಲ್ಲಿ ತೋರಿಸುತ್ತಾನೆ. ಎರಡೂ ಕಾಲಗಳನ್ನು ಒಂದೇ ಪುಸ್ತಕದಲ್ಲಿ ಇಷ್ಟು ಚೆನ್ನಾಗಿ ದುಡಿಸಿಕೊಂಡ ಕಾದಂಬರಿ ಇಂಗ್ಲಿಷಿನಲ್ಲಿ ಇನ್ನೊಂದು ಸಿಗುವುದು ಕಷ್ಟ.