ನಡುರಾತ್ರಿಯ ರಾಗಕ್ಕೆ ಚಿಕ್ಕ ಸಭಾಂಗಣವೇ ಗತಿ

ಹುಬ್ಬಳ್ಳಿಗೆ ಸಮೀಪದ ಕುಂದಗೋಳದಲ್ಲಿರುವ ನಾಡಗೇರ ವಾಡೆಗೆ ಊರಿಗಿಂತ ದೊಡ್ಡ ಹೆಸರಿದೆ. ಮೈಸೂರು ಅರಮನೆಗೆ ಹೋಗಿಬರುವ ದಾರಿಯಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರು ತಂಗುತ್ತಿದ್ದುದು ಅಲ್ಲಿಯೇ. ಅವರ ಶಿಷ್ಯ ರಾಮಭಾವು ಕುಂದಗೋಳಕರ ಮುಂದೆ ಸವಾಯಿ ಗಂಧರ್ವರಾದರು. ಅವರಲ್ಲಿ ಕಲಿಯಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಬರುತ್ತಿದ್ದರು. ಭೀಮಸೇನ ಜೋಶಿ 1936ರಲ್ಲಿ ಬಂದವರು ಗುರುವಿನ ಮನೆಯಲ್ಲೇ ಉಳಿದರು. ಅದೇ ವಾಡೆಯಲ್ಲಿ ಗುರುವಿನ ಸ್ಮರಣೆಗೆ ಅಹೋರಾತ್ರಿ ಸಂಗೀತ ನಡೆಸಿಕೊಂಡು ಬಂದ ಪರಂಪರೆಯಿದೆ. ಜಮಖಾನೆ ಹಾಸಿ ಕುಳಿತ ಕೇಳುಗನಿಗೆ ಅಲ್ಲಿ ಗಾಯಕನ ಉಸಿರೂ ಕೇಳುತ್ತದೆ.

ಅದೇ ಗುರುವಿನ ಹೆಸರಿನಲ್ಲಿ 1953ರಲ್ಲಿ ಪುಣೆಯಲ್ಲಿ ಆರಂಭವಾದ ಉತ್ಸವ ಬೆಳೆದು ಸಾವಿರಾರು ಜನರ ಜಾತ್ರೆಯಾಯಿತು. ಬಯಲಿನ ಶಾಮಿಯಾನ, ಧ್ವನಿವರ್ಧಕ, ಬೆಳಗಿನ ತನಕ ಗಾಯನ. ಈಗ ಅಲ್ಲಿ ಬೆಳಗಿನ ತನಕ ಹಾಡುವುದು ವಾಡಿಕೆಯಾಗಿ ಉಳಿದಿಲ್ಲ.

ಕಾರಣ ಕಾನೂನು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ನಿಷಿದ್ಧ. ಸರ್ಕಾರ ಬಯಸಿದರೆ ವರ್ಷಕ್ಕೆ ಗರಿಷ್ಠ 15 ದಿನ ನಡುರಾತ್ರಿಯವರೆಗೆ ಸಡಿಲಿಸಬಹುದು, ಅಷ್ಟೇ. ರೋಗಿಗಳು, ಪರೀಕ್ಷೆಗೆ ಓದುವ ಮಕ್ಕಳು ಇರುವ ಊರಿನಲ್ಲಿ ಈ ನಿಯಮ ತಪ್ಪೆನ್ನುವಂತಿಲ್ಲ. ಆದರೆ ದರ್ಬಾರಿ, ಮಾಲಕಂಸ, ಸೋಹನಿ, ನಸುಕಿನ ಲಲಿತ ಎಲ್ಲಕ್ಕೂ ಪರಂಪರೆ ಗೊತ್ತುಮಾಡಿದ ಹೊತ್ತು ಈ ಎಂಟು ಗಂಟೆಗಳ ಒಳಗೇ ಬರುತ್ತದೆ. ಸಂಜೆಯ ಕಛೇರಿಗೆ ಒಗ್ಗಿಕೊಂಡ ಕೇಳುಗರಿಗೆ ಯಮನ್, ಪೂರಿಯಾ, ಮಾರುಬಿಹಾಗ್ ಮತ್ತೆ ಮತ್ತೆ ಸಿಗುತ್ತವೆ. ಉಳಿದವು ಧ್ವನಿಮುದ್ರಿಕೆಗೆ ಸರಿಯುತ್ತಿವೆ. ರಾಗ-ಸಮಯದ ನಂಟು ಬರೀ ಸಂಪ್ರದಾಯ ಎನ್ನುವವರಿದ್ದಾರೆ. ಇರಬಹುದು. ಕರ್ನಾಟಕ ಸಂಗೀತ ಪದ್ಧತಿಯವರು ಅದನ್ನು ಅಷ್ಟು ಕಟ್ಟುನಿಟ್ಟಾಗಿ ಪಾಲಿಸುವುದೂ ಇಲ್ಲ. ಆದರೂ ಸಂಜೆ ಆರೂವರೆಗೆ, ಕಾಫಿ ಕಪ್ಪುಗಳ ಸದ್ದಿನ ನಡುವೆ, ಮಾಲಕಂಸದ ವಿಲಂಬಿತಕ್ಕೆ ಕೂರಲು ಎಂಥ ಉದಾರಿಗೂ ಕಷ್ಟ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅದೇ ನಿಯಮ ಸಭಾಂಗಣ, ಸಮುದಾಯ ಭವನದಂಥ ಮುಚ್ಚಿದ ಆವರಣಗಳಿಗೆ ರಾತ್ರಿಯ ವಿನಾಯಿತಿ ಕೊಡುತ್ತದೆ; ಸದ್ದು ಹೊರಗೆ ಸೋರಿ ನೆರೆಯವರನ್ನು ಕಾಡಬಾರದು. ಅಂದರೆ ಬಯಲಿನ ಭಾರಿ ಉತ್ಸವ ಕಳೆದುಕೊಂಡದ್ದನ್ನು ಬಡಾವಣೆಯ ಇನ್ನೂರು ಆಸನದ ಸಭಾಂಗಣ ಉಳಿಸಿಕೊಳ್ಳಬಲ್ಲದು. ಮೈಕಿನ ಹಂಗು ಅದಕ್ಕೆ ಕಡಿಮೆ, ತಂಬೂರಿಯ ನಾದ ಕೊನೆಯ ಸಾಲಿಗೂ ಮುಟ್ಟುತ್ತದೆ.

ಹೀಗಿದ್ದೂ ನಮ್ಮ ಸಣ್ಣ ಸಭೆಗಳು ಎಂಟೂವರೆಗೇ ಮಂಗಳ ಹಾಡುತ್ತವೆ. ಕೊನೆಯ ಬಸ್ಸು, ಕಾವಲುಗಾರನ ಹೆಚ್ಚುವರಿ ಕೂಲಿ, ತೂಕಡಿಸುವ ಹಿರಿಯರು ಎಂಬ ಅಡ್ಡಿಗಳೆಲ್ಲ ನಿಜ. ಅದಕ್ಕಿಂತ ದೊಡ್ಡದು ಉಚಿತ ಪ್ರವೇಶದ ಅಭ್ಯಾಸ: ಟಿಕೆಟ್ಟಿಲ್ಲದ ಕಛೇರಿ ದಾನಿಗಳ ಮರ್ಜಿಯಲ್ಲಿ ನಡೆಯುತ್ತದೆ, ದಾನಿಗೆ ಬೇಕಾದದ್ದು ತುಂಬಿದ ಸಂಜೆಯ ಸಭೆ, ನಲವತ್ತು ಜನರ ನಡುರಾತ್ರಿಯಲ್ಲ.

ಪ್ರತಿ ಸಭೆಯೂ ವರ್ಷಕ್ಕೊಂದು ಅಹೋರಾತ್ರಿ ಬೈಠಕ್ ಇಟ್ಟುಕೊಳ್ಳಲಿ, ಅದಕ್ಕೆ ಸಂಕೋಚವಿಲ್ಲದೆ ಟಿಕೆಟ್ ಇಡಲಿ. ಸಿನಿಮಾಕ್ಕೆ ಮುನ್ನೂರು ರೂಪಾಯಿ ತೆರುವ ರಸಿಕರು ಇದಕ್ಕೂ ತೆರಬೇಕು.