ಸೋರುವ ಸೂರಿನಡಿ ಕನ್ನಡ ಉಳಿದೀತೇ?

ಬೀದರಿನ ಕನ್ನಡ ತರುಣ ತರುಣಿಯರೇ,

ನವೆಂಬರ್ ಒಂದರಂದು ಬಾವುಟ ಹಿಡಿದು ಬೀದಿಗಿಳಿಯುತ್ತೀರಿ. ಸಂತೋಷ! ಆದರೆ ಭಾಲ್ಕಿ, ಔರಾದ್ ಹಳ್ಳಿಗಳ ಕನ್ನಡ ಶಾಲೆಯೊಳಗೆ ನಿಂತು ಒಮ್ಮೆ ತಲೆಯೆತ್ತಿ ಸೂರು ನೋಡಿದ್ದೀರಾ?

2025ರ ಆಗಸ್ಟ್, ಸೆಪ್ಟೆಂಬರ್ ಮಳೆ ಮರೆತಿಲ್ಲ ತಾನೇ? ಮಹಾರಾಷ್ಟ್ರದ ಧನೇಗಾಂವ್ ಜಲಾಶಯದಿಂದ ನೀರು ಬಿಟ್ಟರು, ಮಾಂಜ್ರಾ ಉಕ್ಕಿತು, ಹೊಲ ಮುಳುಗಿತು. ಸೆಪ್ಟೆಂಬರ್ 30ರಂದು ಮುಖ್ಯಮಂತ್ರಿಗಳು ವೈಮಾನಿಕ ಸಮೀಕ್ಷೆ ಮಾಡಿದರು. ಹೆಲಿಕಾಪ್ಟರಿನಿಂದ ಹೊಲದ ನೀರು ಕಾಣುತ್ತದೆ. ಶಾಲೆಯ ಗೋಡೆಯ ಬಿರುಕು ಕಾಣುತ್ತದೆಯೇ?

ದುಡ್ಡಿಲ್ಲ ಎನ್ನುವ ಮಾತು ಬೇಡ. ರಾಜ್ಯ ವಿಪತ್ತು ನಿಧಿಯಲ್ಲಿ ಕೇಂದ್ರದ ಪಾಲು ನೂರಕ್ಕೆ 75, ರಾಜ್ಯದ್ದು 25. 2021-26ರ ಅವಧಿಗೆ 15ನೇ ಹಣಕಾಸು ಆಯೋಗ ಹಾಕಿಕೊಟ್ಟ ಲೆಕ್ಕದಲ್ಲಿ ನೂರು ರೂಪಾಯಿಗೆ 40 ತಕ್ಷಣದ ಪರಿಹಾರಕ್ಕೆ, 30 ಪುನರ್ನಿರ್ಮಾಣಕ್ಕೆ. ಆ 30ರಲ್ಲಿ ನಮ್ಮ ಹಳ್ಳಿಶಾಲೆಗೆ ಬಂದದ್ದೆಷ್ಟು? ಕೇಳಿದವರು ಯಾರು?

2009ರ ಶಿಕ್ಷಣ ಹಕ್ಕು ಕಾಯ್ದೆ ಏನು ಹೇಳುತ್ತದೆ? ಮಳೆ ಬಿಸಿಲು ತಡೆಯುವ ಕಟ್ಟಡ, ಪ್ರತಿ ಶಿಕ್ಷಕರಿಗೆ ಕನಿಷ್ಠ ಒಂದು ಕೋಣೆ. ಇದು ಭಿಕ್ಷೆಯಲ್ಲ, ಕಾನೂನು!

ಇದು ಬರೀ ಗಾರೆ ಇಟ್ಟಿಗೆಯ ಮಾತಲ್ಲ. ಸೋರುವ ಕೋಣೆಗೆ ಬೀಗ ಬೀಳುತ್ತದೆ. ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಉಳ್ಳವರ ಮಗು ಕಾನ್ವೆಂಟಿಗೆ ಹೋಗುತ್ತದೆ, ಇಲ್ಲದವರ ಮಗು ಕೂಲಿಗೆ. ಆಮೇಲೆ 'ಮಕ್ಕಳೇ ಇಲ್ಲ, ಶಾಲೆ ಮುಚ್ಚಿ' ಎನ್ನುತ್ತಾರೆ. ಗಡಿಯಲ್ಲಿ ಕನ್ನಡ ಸಾಯುವುದು ಹೀಗೆ, ಸದ್ದಿಲ್ಲದೆ!

ನಿಜಾಮನ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಅಂದು ಕನ್ನಡಕ್ಕೆ ಅಡ್ಡ ನಿಂತದ್ದು ನಿಜಾಮನ ಆಡಳಿತ. ಇಂದು ಬೋರ್ಡು ಕನ್ನಡದ್ದೇ, ಸರ್ಕಾರವೂ ನಮ್ಮದೇ. ಅಡ್ಡ ನಿಂತಿರುವುದು ನಮ್ಮದೇ ಅಲಕ್ಷ್ಯ!

ಬರೀ ಘೋಷಣೆ ಸಾಕು. ಈ ವಾರವೇ ನಿಮ್ಮ ತಂದೆತಾಯಿ ಓದಿದ ಹಳ್ಳಿಶಾಲೆಗೆ ಹೋಗಿ. ಎಸ್‌ಡಿಎಂಸಿಯವರನ್ನು ಜತೆಗೆ ಕರೆದುಕೊಂಡು ಬಿರುಕು ಬಿಟ್ಟ ಗೋಡೆಯ ಫೋಟೊ ತೆಗೆಯಿರಿ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ: ಹಾನಿಯ ಪಟ್ಟಿಯಲ್ಲಿ ಈ ಶಾಲೆ ಇದೆಯೇ? ಮಂಜೂರಾದದ್ದೆಷ್ಟು? ಗುತ್ತಿಗೆ ಯಾರಿಗೆ? ಕೆಲಸ ಮುಗಿಯುವುದು ಎಂದು? ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಉತ್ತರ ಬಾರದಿದ್ದರೆ ಅವರ ಕಚೇರಿಯ ಮುಂದೆ ಕೂರೋಣ.

ಮುಂದಿನ ಮಳೆಗಾಲ ಕಾಯುವುದಿಲ್ಲ. ನಾವೇಕೆ ಕಾಯಬೇಕು?

ಶಾಲೆ ಉಳಿಸಿ! ಗಡಿಯ ಕನ್ನಡ ಉಳಿಸಿ!